ಹದ್ದಿನಗುಡ್ಡದ ಬಾಣಗಳು

ಗಂಗಾವತಿಯಿಂದ ಕನಕಗಿರಿಯ ಕಡೆ ಹೊರಟವರಿಗೆ ಊರು ದಾಟಿದ ಮೇಲೆ ಎಡಗಡೆ ಹದ್ದಿನಗುಡ್ಡ ಕಾಣುತ್ತದೆ. ಗುಡ್ಡ ಅನ್ನುವುದಕ್ಕಿಂತ ಬಂಡೆಗಳ ರಾಶಿ ಅಂದರೆ ಸರಿ. ಆನೆಯಷ್ಟು, ಮನೆಯಷ್ಟು ದೊಡ್ಡ ಗುಂಡುಗಳು ಒಂದರ ಮೇಲೊಂದು ಕೂತು ಈಗ ಉರುಳ್ಯಾವು, ಆಗ ಉರುಳ್ಯಾವು ಅನ್ನಿಸುತ್ತವೆ. ಉರುಳಿದ್ದನ್ನು ಕಂಡವರು ಮಾತ್ರ ಯಾರೂ ಇಲ್ಲ. ಈಚೆಗೆ ಅದರ ಬುಡದಲ್ಲಿ ಒಂದು ಪಾರ್ಕು ಆಯಿತು. ನಡೆಯುವವರಿಗೆ ಹಾದಿ, ಮಕ್ಕಳಿಗೆ ಜೋಕಾಲಿ, ಕೂಡಲು ಸಿಮೆಂಟಿನ ಬೆಂಚು. ಮುಂಜಾನೆ ಸಕ್ಕರೆ ಕಾಯಿಲೆಯವರು, ಸಂಜೆ ಮಕ್ಕಳು ಮರಿ, ಭಾನುವಾರ ಬುತ್ತಿ ಕಟ್ಟಿಕೊಂಡು ಬರುವವರು. ಬರೀ ಬುಡ ಸುತ್ತಿದರೆ ಏನು ಚೆಂದ ಎಂದು ಜನ ಕೇಳತೊಡಗಿದ ಮೇಲೆ, ನೆತ್ತಿಯವರೆಗೆ ಕಾಲುಹಾದಿ ಸವರಿ ಅಲ್ಲೊಂದು ನೆರಳಿನ ಮಂಟಪ ಕಟ್ಟಿದರು. ಹಾದಿ ತಪ್ಪದಿರಲೆಂದು ಬಂಡೆಗಳ ಮೇಲೆ ಹಳದಿ ಬಾಣ ಬರೆಯುವ ಕೆಲಸ ಪೇಂಟರ್ ಮುನವ್ವರನಿಗೆ ಬಂತು.

ಮುನವ್ವರ ಒಂದು ಕಾಲಕ್ಕೆ ಗಂಗಾವತಿಯ ಅರ್ಧ ಅಂಗಡಿಗಳ ಬೋರ್ಡು ಬರೆದವನು. ಫ್ಲೆಕ್ಸ್ ಬಂದ ಮೇಲೆ ಬೋರ್ಡಿನ ಕೆಲಸ ಹೋಗಿ ಶಾಲೆಯ ಗೋಡೆ, ಲಾರಿಯ ಹಿಂಬದಿ ಉಳಿದಿದ್ದವು. ಎಡಗೈಯವನು. ಬ್ರಷ್ಷನ್ನು ಬಣ್ಣದಲ್ಲಿ ಅದ್ದಿದಾಗೆಲ್ಲ ಡಬ್ಬಿಯ ಅಂಚಿಗೆ ಎರಡು ಸಲ ಟಕ್ ಟಕ್ ಎಂದು ಬಡಿಯುವುದು ಅವನ ರೂಢಿ. ಇನ್ನೊಂದು, ಬಾಣದ ಬಾಲ ಮುಗಿಸಿ ಬ್ರಷ್ಷು ಎತ್ತುವಾಗ ಕೈ ಮೇಲಕ್ಕೆ ಹೊರಳಿ, ಕೂದಲೆಳೆಯಷ್ಟು ತೆಳ್ಳನೆಯ ಗೆರೆಯೊಂದು ಉಳಿಯುತ್ತಿತ್ತು. ಅದನ್ನು ಅವನ ಹೆಂಡತಿ ತಸ್ಲೀಮಾ "ನಿನ್ನ ಸಹಿ" ಎಂದು ಚೇಷ್ಟೆ ಮಾಡುತ್ತಿದ್ದಳು.

ಬಾಣ ಬರೆದು ಮುಗಿಸಿ ಹದಿನೈದು ದಿನವಾಗಿರಬೇಕು, ಪಾರ್ಕು ಕಾಯುವ ಗವಿಸಿದ್ದೇಶನ ಫೋನು ಬಂತು.

"ಮುನವ್ವರಣ್ಣ, ಏನ್ ಬರದು ಹೋಗೀಯೋ ಮಾರಾಯ? ಮಂಟಪಕ್ಕ ಹೋಗ್ಬೇಕಾದವರು ಮುಳ್ಳಾಗ ಬಿದ್ದು ಬಂದಾರ. ನನ್ನ ಮ್ಯಾಲ ಹರಿಹಾಯಾಕತ್ತಾರ."

ಮುನವ್ವರ ಬಂದು ಹತ್ತಿ ನೋಡಿದ. ಹಾದಿ ಬಲಕ್ಕೆ ಹೊರಳುವ ಕಡೆ, ಅವನು ಬಲಕ್ಕೆ ಬಾಣ ಬರೆದ ಬಂಡೆಯ ಮಗ್ಗುಲಿಗೇ ಇನ್ನೊಂದು ಬಂಡೆ. ಅದರ ಮೇಲೆ ಎಡಕ್ಕೆ ಮುಖ ಮಾಡಿದ ಇನ್ನೊಂದು ಬಾಣ. ಅದೇ ಹಳದಿ, ಅದೇ ಅಳತೆ. ಯಾರೋ ಕಿಡಿಗೇಡಿ ಹುಡುಗರು ಎಂದುಕೊಂಡು ಹತ್ತಿರ ಹೋದ. ಬಾಲದ ತುದಿಯಲ್ಲಿ ಕೂದಲೆಳೆಯಂಥ ಗೆರೆ ಮೇಲಕ್ಕೆ ಎದ್ದಿತ್ತು.

ಅವನು ಅಲ್ಲೇ ಕುಕ್ಕರಗಾಲಲ್ಲಿ ಕೂತ. ತಾನೇ ಬರೆದು ಮರೆತೆನೇ? ಆವತ್ತು ಬಿಸಿಲೇನೋ ಜೋರಿತ್ತು. ಆದರೆ ಈ ಬಂಡೆಯ ಹತ್ತಿರ ಕಾರೆಮುಳ್ಳಿನ ಪೊದೆ ದಾಟದೆ ಬರಲಾಗದು. ದಾಟಿದ್ದರೆ ಅಂಗಿ ಹರಿಯಬೇಕಿತ್ತು. ಏನಾದರಾಗಲಿ ಎಂದು ಬೂದು ಬಣ್ಣ ಹಚ್ಚಿ ಬಾಣ ಮುಚ್ಚಿ ಇಳಿದು ಬಂದ.

"ಆ ಕಡೀಗೆ ಏನೈತಿ?" ಎಂದು ಗವಿಸಿದ್ದೇಶನನ್ನು ಕೇಳಿದ.

"ಏನೈತಿ, ಮೋರೇರ ಮನಿ ಅದಾವ."

ಆ ಸೀಮೆಯವರಿಗೆಲ್ಲ ಅದು ಗೊತ್ತು. ಗುಡ್ಡದ ಆಚೆ ಮಗ್ಗುಲಿಗೆ ಚಪ್ಪಡಿ ಕಲ್ಲಿನ ಹಳೆಯ ಗೂಡುಗಳಿವೆ. ಸುತ್ತ ಕಲ್ಲು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ, ಎದುರಿನ ಕಲ್ಲಿನಲ್ಲಿ ಕೊಡದ ಬಾಯಷ್ಟು ದುಂಡನೆಯ ಕಂಡಿ ಕೊರೆದಿದ್ದಾರೆ. ಓದಿದವರು ಅವು ಬಹಳ ಹಿಂದಿನ ಸಮಾಧಿಗಳು ಅನ್ನುತ್ತಾರೆ. ಹಳಬರು, ಮೋರೇರು ಅನ್ನುವ ಗಿಡ್ಡ ಜನ ಅವುಗಳಲ್ಲಿ ಇದ್ದರು, ಬೆಂಕಿಯ ಮಳೆ ಬಂದಾಗ ಒಳಗೆ ಹೊಕ್ಕವರು ಹೊರಗೆ ಬರಲಿಲ್ಲ ಅನ್ನುತ್ತಾರೆ. ಹೊಸ ಹಾದಿಯನ್ನು ಬೇಕೆಂದೇ ಅದರಿಂದ ದೂರ ಒಯ್ದಿದ್ದರು. ಆ ಕಡೆ ಕರಡಿ ಕಾಟವೂ ಇತ್ತು.

ಬೂದು ಬಣ್ಣ ಹಚ್ಚಿದ ವಾರದೊಳಗೆ ಆ ಬಂಡೆಯ ಮೇಲೆ ಬಾಣ ಮತ್ತೆ ಮೂಡಿತು. ಅದರ ಮುಂದಿನ ಬಂಡೆಯ ಮೇಲೂ ಒಂದು. ಈ ಸಲ ಗವಿಸಿದ್ದೇಶ ಫೋನಿನಲ್ಲಿ ಸಿಟ್ಟಾಗಲಿಲ್ಲ. ಅವನ ದನಿ ಬೇರೆಯೇ ಆಗಿತ್ತು.

"ಅಣ್ಣಾ, ಒಂದ್ ಮಾತ ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ. ಮೊನ್ನಿ ಗುರುವಾರ ಮಧ್ಯಾಹ್ನ ನೀ ಯಾಕ ಬಂದಿದ್ದಿ?"

"ಗುರುವಾರ? ಗುರುವಾರ ನಾ ಕುಷ್ಟಗ್ಯಾಗ ಇದ್ನೆಲ್ಲ. ಸಾಲಿ ಗ್ವಾಡಿ ಬರಿಯಾಕ ಹೋಗಿದ್ನಿ. ಹೊತ್ತು ಮುಳುಗಿದ ಮ್ಯಾಲ ಬಂದೀನಿ."

ಗವಿಸಿದ್ದೇಶ ದನಿ ತಗ್ಗಿಸಿದ.

"ನೀಲಿ ಅಂಗಿ ಹಾಕ್ಕೊಂಡು, ಡಬ್ಬಿ ಹಿಡ್ಕೊಂಡು ಹತ್ತಾಕತ್ತಿದ್ದಿ. ನಾ ಕೆಳಗಿಂದ ಒದರಿದೆ. ನೀ ಹೊರಳಿ ನೋಡಲಿಲ್ಲ."

ಮುನವ್ವರನ ಹತ್ತಿರ ನೀಲಿ ಅಂಗಿ ಇತ್ತು. ಕೆಲಸಕ್ಕೆ ಹಾಕುವುದೇ ಅದು. ಆ ರಾತ್ರಿ ಊಟಕ್ಕೆ ಕೂತಾಗ ತಸ್ಲೀಮಾಳನ್ನು, ತಾನೇನಾದರೂ ನಿದ್ದೆಗಣ್ಣಿನಲ್ಲಿ ಎದ್ದು ಹೋಗುತ್ತೇನೆಯೇ ಎಂದು ಕೇಳಿದ. "ಎದ್ದು ಹೋಗೋದು ದೂರ, ಎಬ್ಬಿಸಿದರೂ ಏಳೋದಿಲ್ಲ ನೀನು" ಎಂದು ಅವಳು ರೊಟ್ಟಿ ಬಡಿಸಿದಳು. ಇನ್ನು ಆ ಗುಡ್ಡಕ್ಕೆ ಕಾಲಿಡುವುದಿಲ್ಲ ಎಂದು ಅಂದೇ ನಿಶ್ಚಯ ಮಾಡಿದ.

ಆ ನಿಶ್ಚಯ ಬಹಳ ದಿನ ನಡೆಯಲಿಲ್ಲ.

ಪಾರ್ಕಿಗೆ ತಪ್ಪದೆ ಬರುವವರಲ್ಲಿ ಶರಣಬಸಮ್ಮ ಒಬ್ಬರು. ನಿವೃತ್ತ ಶಿಕ್ಷಕಿ. ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು ಹಾಕಿಕೊಂಡು, ಸ್ಕೂಟಿಯ ಮೇಲೆ ಬಂದು, ಹರೆಯದವರನ್ನು ಹಿಂದೆ ಹಾಕಿ ಮಂಟಪದವರೆಗೆ ಹತ್ತಿ ಇಳಿಯುವ ಗಟ್ಟಿ ಹೆಂಗಸು. ಮುನವ್ವರನಿಗೆ ಮೂರನೆಯ ಈಯತ್ತೆಯಲ್ಲಿ ಅಕ್ಷರ ತಿದ್ದಿಸಿದವರೂ ಅವರೇ. ಒಂದು ದಿನ ಮಧ್ಯಾಹ್ನ ಗವಿಸಿದ್ದೇಶ ಏದುಸಿರು ಬಿಡುತ್ತ ಫೋನು ಮಾಡಿದ.

"ಅಕ್ಕೋರು ಮುಂಜಾನಿ ಹತ್ತಿದವರು ಇನ್ನೂ ಇಳದಿಲ್ಲಣ್ಣ. ಸ್ಕೂಟಿ ಬಿಸಲಾಗ ಹಂಗ ನಿಂತೈತಿ. ಮಂಟಪದಾಗ ಇಲ್ಲ. ಫೋನ್ ಹತ್ತವಲ್ದು."

ಮುನವ್ವರ ಬರುವಷ್ಟರಲ್ಲಿ ಏಳೆಂಟು ಮಂದಿ ಕೂಡಿದ್ದರು. ಠಾಣೆಗೆ ಸುದ್ದಿ ಹೋಗಿತ್ತು. ಗವಿಸಿದ್ದೇಶ ಮಂದಿಯನ್ನು ಕರೆದುಕೊಂಡು ಕೆರೆಯ ಕಡೆಯ ಇಳಿಜಾರು ಹುಡುಕಲು ಹೊರಟ. ಮುನವ್ವರನಿಗೆ ಎಲ್ಲಿ ಹುಡುಕಬೇಕೆಂದು ಯಾರೂ ಹೇಳಬೇಕಾಗಿರಲಿಲ್ಲ. ಅವನೊಬ್ಬನೇ ಆ ತಿರುವಿನ ಬಂಡೆಯವರೆಗೆ ಹತ್ತಿ, ಮುಳ್ಳು ಸರಿಸಿ, ಎಡಕ್ಕೆ ಹೊರಳಿದ.

ಬಾಣಗಳು ಈಗ ಎರಡಲ್ಲ. ಒಂದು ಕಂಡು ಅದರ ಹತ್ತಿರ ಹೋದರೆ ಮುಂದಿನದು ಕಾಣುತ್ತಿತ್ತು. ಸೀತಾಫಲದ ಗಿಡಗಳ ನಡುವೆ, ಎರಡು ಬಂಡೆ ಕೂಡಿದ ಸಂದಿಯಲ್ಲಿ, ಮೈ ಓರೆ ಮಾಡಿ ನುಸುಳುವ ಕಡೆ. ತಾನು ಬರೆದಿದ್ದರೆ ಎಲ್ಲೆಲ್ಲಿ ಬರೆಯುತ್ತಿದ್ದನೋ ಅಲ್ಲಲ್ಲೇ ಇದ್ದವು. ಅದು ಅವನಿಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸಿತು. ಇನ್ನೊಂದು ಎಲ್ಲಿ ಎಂದು ತಲೆ ಎತ್ತುವ ಮೊದಲೇ ಕಣ್ಣು ಅಲ್ಲಿಗೆ ಹೋಗುತ್ತಿತ್ತು. ಗಾಳಿ ಇರಲಿಲ್ಲ. ಒಂದು ಹಕ್ಕಿಯ ಸದ್ದೂ ಇರಲಿಲ್ಲ. ಒಂದು ಬಾಣದ ಮೇಲೆ ಕೈ ಊರಿ ಹತ್ತಿದವನು ಅಂಗೈ ನೋಡಿಕೊಂಡ. ಹಳದಿ ಮೆತ್ತಿತ್ತು. ಬಣ್ಣ ಇನ್ನೂ ಹಸಿ.

ಬಂಡೆಗಳು ಮುಗಿದು ಒಂದು ಬಯಲು ಹಾಸು ಬಂತು. ಹುಲ್ಲಿನ ನಡುವೆ ಮೋರೇರ ಮನೆಗಳು ಸಾಲಾಗಿ ಕೂತಿದ್ದವು. ನಡುವಿನ ಒಂದರ ಎದುರಿಗೆ ಶರಣಬಸಮ್ಮ ನೆಟ್ಟಗೆ ಕೂತಿದ್ದರು. ಬೂಟು ಬಿಚ್ಚಿ ಪಕ್ಕಕ್ಕೆ ಜೋಡಿಸಿಟ್ಟಿದ್ದರು, ಯಾರದೋ ಮನೆಯೊಳಗೆ ಹೋಗುವವರ ಹಾಗೆ.

"ಅಕ್ಕೋರ್ರೀ!"

ಅವರು ಕತ್ತು ಹೊರಳಿಸಿ ಅವನನ್ನು ನೋಡಿದರು. ಬಹಳ ಹೊತ್ತು ನೋಡಿದರು.

"ನೀ ಯಾವಾಗ ಹೊರಗ ಬಂದಿ, ಮುನವ್ವರ?"

"ಎಲ್ಲಿಂದ ಹೊರಗ್ರಿ?"

ಅವರು ಎದುರಿನ ಕಲ್ಲಿನ ಕಂಡಿಯ ಕಡೆ ಬೆರಳು ಮಾಡಿದರು. ಒಂದು ಕೊಡ ತೂರಿಸಬಹುದಾದ ಕಂಡಿ. "ಈಗ ಇದರಾಗ ಹೋದಿಯಲ್ಲ?"

ಮುನವ್ವರ ಕಂಡಿಯ ಕಡೆ ನೋಡದೆ ಹತ್ತಿರ ಹೋಗಿ, ಅವರ ಬೂಟು ತಂದು ಕಾಲ ಬಳಿ ಇಟ್ಟ. "ಹಾಕ್ಕೊಳ್ರಿ ಅಕ್ಕೋರ, ಕೆಳಗ ಹೋಗೂಣು" ಎಂದ. ಅವರು ಮಾತು ಕೇಳುವ ಮಗುವಿನ ಹಾಗೆ ಬೂಟು ಹಾಕಿಕೊಳ್ಳುತ್ತ ಹೇಳಿದರು:

"ಮುಂಜಾನಿ ಆ ತಿರುವಿನ್ಯಾಗ ನೀ ಬಾಣ ಬರಿಯಾಕತ್ತಿದ್ದಿ. ಹೊಸಾ ಹಾದಿ ಮಾಡ್ಯಾರ ಅಂತ ತಿಳಕೊಂಡೆ. ನೀ ಮುಂದ, ನಾ ಹಿಂದ. ನಾ ಅದೂ ಇದೂ ಮಾತಾಡ್ಕೋತ ಬಂದೆ. ನೀ ಒಂದ್ಸಲಾನೂ ಮಾರಿ ತೋರಿಸಲಿಲ್ಲ. ನನಗ ಒಂದ ವಿಚಿತ್ರ ಅನ್ನಿಸ್ತು, ನಿನ್ನ ಮೈಯಾಗ ಪೇಂಟಿನ ತಿನ್ನರ್ ವಾಸನಿ ಇರಲಿಲ್ಲ. ಹಸಿ ಬಣ್ಣಕ್ಕೂ ವಾಸನಿ ಇಲ್ಲ. ಇಲ್ಲಿಗೆ ಬಂದ ಮ್ಯಾಲ ಅಷ್ಟ ಬಾಯಿ ಬಿಟ್ಟಿ."

"ಏನಂದನ್ರಿ ಅಂವ?"

"'ಕೂಡ್ರಿ, ಇನ್ನೊಬ್ಬಾಂವ ಬರೋದ ಐತಿ' ಅಂದಿ."

ಅಷ್ಟರಲ್ಲಿ ಕಂಡಿಯ ಒಳಗಿನಿಂದ, ಕಲ್ಲಿನ ಆ ಕತ್ತಲೆಯಿಂದ, ಟಕ್ ಟಕ್ ಎಂದು ಸದ್ದು ಬಂತು. ಡಬ್ಬಿಯ ಅಂಚಿಗೆ ಬ್ರಷ್ಷು ಬಡಿದ ಸದ್ದು. ಮುನವ್ವರನ ಎಡಗೈ ತಾನಾಗಿ ಅಲುಗಿತು.

ಆ ಸದ್ದಿಗೆ ಶರಣಬಸಮ್ಮನವರಿಗೆ ಪೂರಾ ಎಚ್ಚರವಾದಂತೆ ತೋರಿತು. ಸಟ್ಟನೆ ಎದ್ದು ಅವನ ಹತ್ತಿರ ಬಂದು ಅಂಗಿಯನ್ನು ಮೂಸಿ ನೋಡಿದರು. ತಿನ್ನರ್, ಬೆವರು, ಬೀಡಿ. "ನೀ ನಮ್ಮಾಂವ" ಅಂದವರೇ ಅವನ ಕೈ ಹಿಡಿದು ಬಂದ ದಾರಿಯ ಕಡೆ ಎಳೆದರು.

ಬಂದ ದಾರಿ ಅಲ್ಲಿರಲಿಲ್ಲ. ಬಂಡೆಗಳೇನೋ ಇದ್ದವು, ಆದರೆ ಒಂದೊಂದರ ಮೇಲೂ, ಎದುರಿಗೂ ಹಿಂದಕ್ಕೂ, ಕೂಡಲು ತಾವಿಲ್ಲದ ಸಣ್ಣ ಗುಂಡುಗಳ ಮೇಲೂ ಹಳದಿ ಬಾಣಗಳು. ಎಲ್ಲದರ ಮುಖವೂ ಕಲ್ಲಿನ ಮನೆಗಳ ಕಡೆಗೆ. ಹತ್ತು ಹೆಜ್ಜೆ ನಡೆದು, ಬಾಣಕ್ಕೆ ಬೆನ್ನು ಮಾಡಿ ಹೋಗುತ್ತಿದ್ದೇವೆ ಎಂದುಕೊಂಡವರು ತಿರುಗಿ ಅದೇ ಹುಲ್ಲಿನ ಹಾಸಿಗೆ ಬಂದು ನಿಂತರು. ಮತ್ತೊಮ್ಮೆ ಹೊರಟು ಮತ್ತೊಮ್ಮೆ ಅಲ್ಲಿಗೇ ಬಂದರು. ಬಿಸಿಲು ಆಗಲೇ ಬಂಡೆಗಳ ನೆತ್ತಿಗೆ ಏರಿ ಬುಡದಲ್ಲಿ ನೆರಳು ಕಟ್ಟತೊಡಗಿತ್ತು.

"ಬಾಣ ನೋಡಬ್ಯಾಡ" ಎಂದರು ಶರಣಬಸಮ್ಮ. "ಕಣ್ಣು ಅವಕ್ಕ ಹೋದರ ಕಾಲೂ ಅಲ್ಲಿಗೇ ಹೋಗ್ತಾವ. ಅಕಾ, ಅಲ್ಲಿ ಕಾಲುವಿ ನೀರು ಹೊಳಿಯಾಕತ್ತೈತಿ. ಅದನ್ನ ನೋಡಿ ನಡಿ. ಮುಳ್ಳಿರಲಿ, ಕಲ್ಲಿರಲಿ, ಸೀದಾ."

ದೂರದಲ್ಲಿ ಭತ್ತದ ಗದ್ದೆಗಳ ಹಸಿರಿನ ಅಂಚಿಗೆ ಎಡದಂಡೆ ಕಾಲುವೆ ಬೆಳ್ಳಗೆ ಗೆರೆ ಎಳೆದಂತೆ ಕಾಣುತ್ತಿತ್ತು. ಮುನವ್ವರ ಅದರ ಮೇಲೆ ದೃಷ್ಟಿ ನೆಟ್ಟು ಇಳಿಯತೊಡಗಿದ. ಕಡಿದಾದ ಕಡೆ ಕುಂಡಿ ಊರಿ ಜಾರಿದರು. ಶರಣಬಸಮ್ಮನ ಸೆರಗು ಹರಿಯಿತು, ಅವನ ಮೊಣಕಾಲು ತರಚಿ ರಕ್ತ ಬಂತು. ಕೈ ಮಾತ್ರ ಬಿಡಲಿಲ್ಲ.

ಅರ್ಧ ಇಳಿದಿರಬೇಕು, ಹಿಂದಿನಿಂದ ಯಾರೋ ಕರೆದರು.

"ಅಕ್ಕೋರ್ರೀ... ಸ್ವಲ್ಪ ನಿಂದರ್ರಿ."

ಅದು ಮುನವ್ವರನ ದನಿ. ಮುಂದೆ ನಡೆಯುತ್ತಿದ್ದ ಮುನವ್ವರನಿಗೆ ತನ್ನ ದನಿ ಹೊರಗಿನಿಂದ ಕೇಳಿದರೆ ಹೇಗಿರುತ್ತದೆ ಎಂಬುದು ಆವತ್ತೇ ಗೊತ್ತಾದದ್ದು. ಅವನು ತಿರುಗಿ ನೋಡಹೋದ. ಶರಣಬಸಮ್ಮ ಅವನ ಕೈ ಜಗ್ಗಿದರು.

"ಮುಂದಿರಾಂವ ನೀನ ಹೌದಲ್ಲೋ?"

"ನಾನ ಹೌದ್ರಿ."

"ಹಂಗಾದ್ರ ಕೇಳು. ಕೆಳಗ ಮುಟ್ಟೂಮಟ ನೀ ಬಾಯಿ ಬಿಡಬ್ಯಾಡ. ಏನ ಆಗಲಿ, ಒಂದ ಅಕ್ಷರ ಆಡಬ್ಯಾಡ. ಮಾತಾಡಾಂವ ಯಾವನೋ ಅಂವ ನೀನಲ್ಲ ಅಂತ ನಾ ತಿಳಕೋತೀನಿ."

ಮುನವ್ವರ ತುಟಿ ಬಿಗಿಹಿಡಿದ.

ಹಿಂದಿನ ದನಿ ಬಿಡಲಿಲ್ಲ. ಮೊದಮೊದಲು ದೂರದಿಂದ, ಆಮೇಲೆ ಒಂದು ಬಂಡೆಯಾಚೆಯಿಂದ, ಆಮೇಲೆ ಬೆನ್ನಿಗೇ ಅಂಟಿದ ಹಾಗೆ. ಕಾಲಿಗೆ ಮುಳ್ಳು ಮುರಿದೈತಿ ಅಂದಿತು. ನೀರಡಿಕಿ ಅಂದಿತು. ತಸ್ಲೀಮಾಳ ಹೆಸರು ಹೇಳಿತು, ಮನೆಯಲ್ಲಿ ಅವಳೊಬ್ಬಳೇ ಅದಾಳ ಅಂದಿತು. ಮೂರನೆಯ ಈಯತ್ತೆಯ ಹುಡುಗರ ಹೆಸರುಗಳನ್ನು ಹಾಜರಿ ಕೂಗಿದಂತೆ ಒಂದೊಂದೇ ಹೇಳಿತು. ಶರಣಬಸಮ್ಮ ಬಾಯಲ್ಲಿ ಏನೋ ವಚನ ಗುಣುಗುತ್ತ ನಡೆದರು. ಕೊನೆಗೆ ಅದು ಬಹಳ ಮೆಲ್ಲಗೆ, ಅಳು ತಡೆದುಕೊಂಡವರ ಹಾಗೆ ಹೇಳಿತು.

"ಅಕ್ಕೋರ, ನೀವು ಕೈ ಹಿಡದೀರಲ್ಲ, ಅಂವ ನಾನಲ್ರಿ. ಅದಕ್ಕ ಅಂವ ಮಾತಾಡವಲ್ಲ."

ಶರಣಬಸಮ್ಮನ ನಡಿಗೆ ನಿಂತಿತು.

ಅಲ್ಲ, ನಾನೇ ನಾನು ಎಂದು ಮುನವ್ವರನಿಗೆ ಒದರಬೇಕೆನ್ನಿಸಿತು. ಒದರಿದರೆ ಅವರು ಕೈ ಬಿಡುತ್ತಾರೆ, ಸುಮ್ಮನಿದ್ದರೂ ಬಿಟ್ಟಾರು. ಅವನು ಕಣ್ಣು ಮುಚ್ಚಿ ನಿಂತ. ಬಾಯಿ ತೆರೆಯಲಿಲ್ಲ. ಅವನ ಬೆರಳುಗಳ ಸುತ್ತ ಅವರ ಹಿಡಿತ ಸಡಿಲಾಯಿತು, ಒಂದು ಗಳಿಗೆ ಹಾಗೇ ಇತ್ತು, ಆಮೇಲೆ ಮೊದಲಿಗಿಂತ ಗಟ್ಟಿಯಾಯಿತು.

"ನಡಿ ತಮ್ಮಾ" ಎಂದರು.

ಪಾರ್ಕಿನ ತಂತಿಬೇಲಿ ಕಂಡಾಗ ಸೂರ್ಯ ಮುಳುಗಿ ಇನ್ನೂ ಬೆಳಕಿತ್ತು. ಗವಿಸಿದ್ದೇಶನೂ ಮಂದಿಯೂ ಓಡಿ ಬಂದರು. ಶರಣಬಸಮ್ಮನವರನ್ನು ಬೆಂಚಿನ ಮೇಲೆ ಕೂರಿಸಿ ನೀರು ಕೊಟ್ಟರು. ಅವರು ಹಾದಿ ತಪ್ಪಿತ್ತು ಅಂದರು, ಅಷ್ಟೇ. ಎಲ್ಲರೂ ಮುನವ್ವರನನ್ನು ಸುತ್ತಿಕೊಂಡು ಎಲ್ಲಿ ಸಿಕ್ಕರು, ಹೇಗೆ ಸಿಕ್ಕರು ಎಂದು ಕೇಳಿದರು. ಅವನು ಬಾಯಿ ತೆರೆಯಲಿಲ್ಲ.

"ಇನ್ನ ಮಾತಾಡೋ, ಆತು" ಎಂದರು ಶರಣಬಸಮ್ಮ.

ಅವನಿಗೆ ಆಗಲಿಲ್ಲ. ಬಾಯಿ ತೆರೆದರೆ ಬರುವುದು ಯಾರ ದನಿಯೋ ಎಂದು ಅಂಜಿದ. ತಲೆ ಅಲ್ಲಾಡಿಸಿ ಬೈಕು ಹತ್ತಿ ಮನೆಗೆ ಹೋದ. ಬಾಗಿಲಲ್ಲಿ ನಿಂತ. ತಸ್ಲೀಮಾ ಅಡುಗೆಮನೆಯಲ್ಲಿ ಬೆನ್ನು ಹಾಕಿ ಕೂತು ಒಲೆಯ ಮೇಲಿನ ಪಲ್ಯ ತಿರುವುತ್ತಿದ್ದಳು. ಎಷ್ಟು ಹೊತ್ತು ನಿಂತಿದ್ದನೋ. ಕಡೆಗೆ ದೇವರ ಮೇಲೆ ಭಾರ ಹಾಕಿ ಅವಳ ಹೆಸರು ಹಿಡಿದು ಕರೆದ.

ಅವಳು ತಿರುಗಲೂ ಇಲ್ಲ. "ಕೈಕಾಲು ತೊಳ್ಕೊ. ಮತ್ತೆ ಬಣ್ಣದ ಕೈಯಲ್ಲಿ ತಂಬಿಗೆ ಮುಟ್ಟಬೇಡ" ಎಂದಳು.

ಮುನವ್ವರ ಹೊಸ್ತಿಲ ಮೇಲೆ ಕೂತುಬಿಟ್ಟ. ಅಂಗೈಯ ಹಳದಿಯನ್ನು ಕಲ್ಲಿಗೆ ತಿಕ್ಕಿ ತಿಕ್ಕಿ ಚರ್ಮ ಸುಲಿದ ಮೇಲೆ ಅವನಿಗೆ ಅಳು ಬಂತು.

ಮುಂದಿನ ವಾರ ಆ ಬಾಣಗಳನ್ನು ಅಳಿಸಲು ಬೇರೆ ಪೇಂಟರನ್ನು ಕಳಿಸಿದರು. ಅವನು ಗುಡ್ಡವೆಲ್ಲ ಸುತ್ತಿ ಬರಿಗೈಯಲ್ಲಿ ಇಳಿದ. ಒಂದು ಬಾಣವೂ ಇರಲಿಲ್ಲ. ಸುಳ್ಳು ಬಾಣಗಳಷ್ಟೇ ಅಲ್ಲ, ಮುನವ್ವರ ನಿಜವಾಗಿ ಬರೆದವೂ ಇರಲಿಲ್ಲ. ಮಂಟಪದವರೆಗೆ ಬಂಡೆಗಳೆಲ್ಲ ಎಂದೂ ಬಣ್ಣ ಕಾಣದವುಗಳ ಹಾಗೆ ಬೋಳಾಗಿ ಕೂತಿದ್ದವು. ಮೇಲಿನ ಹಾದಿಗೆ ತಂತಿ ಬಿಗಿದು, ಕರಡಿ ಇದೆ ಎಂದು ಫಲಕ ಹಾಕಿದರು. ಕೆಳಗಿನ ಪಾರ್ಕಿನಲ್ಲಿ ಮಕ್ಕಳು ಜೋಕಾಲಿ ಆಡುತ್ತಲೇ ಇದ್ದಾರೆ.

ಶರಣಬಸಮ್ಮ ಈಗ ಊರೊಳಗಿನ ಕ್ರೀಡಾಂಗಣದಲ್ಲಿ ಸುತ್ತು ಹಾಕುತ್ತಾರೆ. ಒಬ್ಬರೇ ನಡೆಯಲು ಮನಸ್ಸಾಗದೆ ಮುನವ್ವರನನ್ನೂ ಬರಹೇಳಿದ್ದರು. ಅವರ ಎದುರು ಸರಿಸಮ ನಡೆಯಲು ಸಂಕೋಚವಾಗಿ ಅವನು ಎರಡು ಹೆಜ್ಜೆ ಹಿಂದೆ ನಡೆಯುತ್ತಿದ್ದ.

ಒಂದು ದಿನ ಚಹಾದಂಗಡಿಯಲ್ಲಿ ಗವಿಸಿದ್ದೇಶ ಸಿಕ್ಕ. ಅದೂ ಇದೂ ಮಾತಾಡಿ, ಎದ್ದು ಹೋಗುವಾಗ ನಿಂತ.

"ಆವತ್ತಿಂದ ಒಂದ್ ಮಾತು ಹೇಳಬೇಕು ಅಂತ ಮಾಡೀನಣ್ಣ. ನೀವಿಬ್ರೂ ಇಳದು ಬಂದ್ರಿ ಅಂತ ಎಲ್ಲಾರೂ ಅಂತಾರ. ನಾ ಬೇಲಿ ಹತ್ರ ನಿಂತು ನೋಡಿದಾಗ ಮೂರ ಮಂದಿ ಇಳಿಯಾಕತ್ತಿದ್ರಿ. ಅಕ್ಕೋರ ಮುಂದೊಬ್ಬಾಂವ, ಹಿಂದೊಬ್ಬಾಂವ. ಹಿಂದಿನಾಂವ ಬೇಲಿ ತನಕ ಬಂದು ನಿಂತ. ಈ ಕಡೆ ಬರಲಿಲ್ಲ."

"ಮಾರಿ ಕಾಣ್ತೇನು?"

ಗವಿಸಿದ್ದೇಶ ಅವನ ಮುಖವನ್ನೇ ನೋಡಿದ.

ಮರುದಿನ ಕ್ರೀಡಾಂಗಣದಲ್ಲಿ ಮುನವ್ವರ ಹಿಂದೆ ಉಳಿಯದೆ ಶರಣಬಸಮ್ಮನವರ ಪಕ್ಕಕ್ಕೆ ಬಂದು, ಅವರ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆಯತೊಡಗಿದ. ಅವರು ಒಮ್ಮೆ ತಿರುಗಿ ನೋಡಿದರು. ತುಸು ಸರಿದು ಅವನಿಗೆ ಜಾಗ ಮಾಡಿಕೊಟ್ಟರು.